ತಡೆಹಿಡಿದ ಉತ್ತರಗಳು

"ಮಾಡರೇಟರ್ ಅಂದ್ರೆ ನೀವೇನಾ?"

ಬಾಗಿಲಲ್ಲಿ ನಿಂತವನು ಹಾಗೆ ಕೇಳಿದಾಗ ಅವಳ ಬಾಯಲ್ಲಿ ಮೂರು ಗುಂಡುಪಿನ್ನುಗಳಿದ್ದವು. ಪುಣ್ಯ, ಇಲ್ಲದಿದ್ದರೆ ಏನು ಹೇಳಿಬಿಡುತ್ತಿದ್ದಳೋ. ಅವನ ಉಗುರುಗಳ ಸಂದಿಯಲ್ಲಿ ಮಿಷನ್ ಎಣ್ಣೆಯ ಕಪ್ಪು ಇತ್ತು. ಅದನ್ನು ನೋಡಿದ್ದೇ ತಡ, ಬಂದವನು ಯಾರೆಂದು ಅವಳಿಗೆ ತಿಳಿದುಹೋಯಿತು.

"ಅಕ್ಕಾ, ಮೊದ್ಲು ಪಿನ್ ತೆಗಿ, ನುಂಗಿಬಿಡ್ತೀಯ," ಎಂದಳು ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ತಂಗಿ.

ಅಕ್ಕ ಹೆಂಗಸರ ಬಟ್ಟೆ ಹೊಲಿಯುವ ಟೈಲರ್. ಜೊತೆಗೆ, ಹೊಲಿಗೆಯವರು ಸೇರಿ ನಡೆಸುವ ಆನ್‌ಲೈನ್ ಫೋರಂ ಒಂದರ ಮಾಡರೇಟರ್. ಮಿಷನ್ ಕೆಟ್ಟರೂ, ತೋಳು ಸರಿಯಾಗಿ ಕೂರದಿದ್ದರೂ ಅಲ್ಲಿ ಕೇಳಬಹುದು. ಬಲ್ಲವರು ಉತ್ತರ ಬರೆಯುತ್ತಾರೆ. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಬಾಗಿಲಲ್ಲಿ ನಿಂತಿದ್ದ ಈ ಮಿಷನ್ ಮೆಕ್ಯಾನಿಕ್‌ನ ಹೆಸರು ಅಲ್ಲಿ 'ಎಣ್ಣೆಕೈ'.

ಐದು ತಿಂಗಳ ಹಿಂದೆ ಯಾರೋ ಒಬ್ಬರು ಮಿಷನ್ನಿಗೆ ಅಡುಗೆ ಎಣ್ಣೆ ಹಾಕಿ ಕೆಡಿಸಿಕೊಂಡಿದ್ದರು. "ಸ್ವಲ್ಪ ಉಪ್ಪೂ ಹಾಕಿಬಿಡಿ, ರುಚಿ ಬರುತ್ತೆ" ಎಂದು ಎಣ್ಣೆಕೈ ಬರೆದ. ಕೇಳಿದವರು ಬೇಸರಪಟ್ಟುಕೊಂಡು ಫೋರಂ ಬಿಟ್ಟೇ ಹೋದರು. ಬಿಗಿಯಾಗಿ ನಡೆಸದಿದ್ದರೆ ಫೋರಂ ಸಂತೆಯಾಗುತ್ತದೆ ಎಂಬುದು ಅವಳ ಖಡಾಖಂಡಿತ ಅಭಿಪ್ರಾಯ. ಅವನನ್ನು ನಿಗಾ ಪಟ್ಟಿಗೆ ಹಾಕಿದಳು. ಅಂದರೆ ಅವನು ಏನೇ ಬರೆದರೂ ಮೊದಲು ಅವಳ ಹತ್ತಿರ ಬರುತ್ತದೆ, ಅವಳು ಬಟನ್ ಒತ್ತಿದ ಮೇಲಷ್ಟೇ ಮಿಕ್ಕವರಿಗೆ ಕಾಣುತ್ತದೆ. ಈ ಶಿಕ್ಷೆಗೆ ರೂಲ್ ಪ್ರಕಾರ ಒಂದೇ ತಿಂಗಳು.

"ಐದು ತಿಂಗಳಾಯ್ತು," ಎಂದ ಅವನು. ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಫೋರಂ ಶುರುಮಾಡಿದ ಟೀಚರ್ ಹತ್ರ ಹೋಗಿದ್ದೆ. 'ನನಗೂ ಅರ್ಥ ಆಗ್ತಿಲ್ಲಪ್ಪ, ಹೋಗಿ ಅವಳನ್ನೇ ಕೇಳು' ಅಂತ ಅಡ್ರೆಸ್ ಕೊಟ್ರು."

"ಬಿಗಿ ಇಲ್ಲದಿದ್ರೆ ಜನ ಬಾಯಿಗೆ ಬಂದದ್ದು ಬರೀತಾರೆ," ಎಂದಳು ಅವಳು. ಈ ಮಾತು ಅವಳಿಗೆ ಕಂಠಪಾಠ.

"ಬಿಗಿ ಇರಲಿ ಮೇಡಂ, ಬೇಡ ಅನ್ನಲ್ಲ. ನಾನು ಬರೆದಿದ್ದೂ ತಪ್ಪೇ. ಆದ್ರೆ ಮೊನ್ನೆ ಒಬ್ಬರು ಇನ್ನೊಬ್ಬರನ್ನ ಕತ್ತೆ ಅಂದ್ರು. ಅವರಿಗೆ ಬರೀ ಎಚ್ಚರಿಕೆ, ನನಗೆ ಐದು ತಿಂಗಳು. ಕತ್ತೆಗಿಂತ ಉಪ್ಪು ದೊಡ್ಡ ಬೈಗುಳಾನಾ?"

ತಂಗಿ ಕಿಸಕ್ಕೆಂದಳು. ಅಕ್ಕನಿಗೂ ನಗು ಬಂತು, ನುಂಗಿಕೊಂಡಳು. ಅವನು ನೋಡಿಬಿಟ್ಟ. ನೋಡಿದವನು ಯಾಕೋ ಕಣ್ಣು ತೆಗೆಯಲೇ ಇಲ್ಲ. ಜಗಳಕ್ಕೆ ಬಂದವನು ಹಾಗೆ ನೋಡಬಾರದು. ಅವಳು ಟೇಪನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

"ನನ್ನ ವಿಷಯ ಹಾಗಿರಲಿ," ಎಂದ ಅವನು, ದನಿ ತಗ್ಗಿಸಿ. "ಯೂನಿಫಾರ್ಮ್ ಹೊಲಿಯೋ ಆಯಮ್ಮ ಮೊನ್ನೆ ಬೆಳಿಗ್ಗೆ ಕೇಳಿದ್ರಲ್ಲ, ಬಟ್ಟೆ ಕೆಳಗಡೆ ದಾರ ಗಂಟುಕಟ್ಟುತ್ತೆ ಅಂತ? ಹತ್ತೇ ನಿಮಿಷದಲ್ಲಿ ಉತ್ತರ ಬರೆದೆ. ಅವರಿಗೆ ಕಂಡಿದ್ದು ನಿನ್ನೆ ಸಂಜೆ. ಅಷ್ಟರಲ್ಲಿ ಆರ್ಡರ್ ಬೇರೆಯವರಿಗೆ ಹೋಗಿತ್ತು."

ಅವಳ ಕೈ ನಿಂತಿತು.

ಆ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು. *ಕೆಳಗೆ ಗಂಟಾದರೆ ತಪ್ಪು ಮೇಲಿನ ದಾರದ್ದು. ಬಟ್ಟೆ ಒತ್ತಿಹಿಡಿಯುವ ಪ್ರೆಸರ್ ಫುಟ್ ಮೇಲೆತ್ತಿ, ದಾರ ಪೂರ್ತಿ ತೆಗೆದು ಮತ್ತೆ ಹಾಕಿ. ಫುಟ್ ಇಳಿಸಿಕೊಂಡು ಹಾಕಿದರೆ ದಾರ ಒಳಗೆ ಕೂರುವುದಿಲ್ಲ, ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ ತೂಗಾಡುತ್ತಲೇ ಇರುತ್ತದೆ. ಗಾಬರಿಯಾಗಬೇಡಿ, ನಿಮ್ಮ ಮಿಷನ್ ಚೆನ್ನಾಗಿದೆ.* ಕೈತುಂಬ ಕೆಲಸವಿದ್ದ ದಿನ ಅದು. ಎಲ್ಲ ಮುಗಿಸಿ ನಿಧಾನವಾಗಿ ಓದೋಣವೆಂದು ಎತ್ತಿಟ್ಟುಕೊಂಡಳು. ಓದಿದ ಮೇಲೆ, ಇನ್ನೊಂದಿಷ್ಟು ಹೊತ್ತು ತನ್ನೊಬ್ಬಳ ಹತ್ತಿರವೇ ಇರಲಿ ಎಂದುಕೊಂಡಳು. ಅದಕ್ಕಾಗಿ ಆ ಕಡೆ ಒಬ್ಬ ಹೆಂಗಸು ಕಾಯುತ್ತಿದ್ದಾಳೆಂಬುದು ತಲೆಗೇ ಹೋಗಲಿಲ್ಲ.

ಇದಕ್ಕೆ ಬಿಗಿ ಎನ್ನುತ್ತಾರಾ? ಇಷ್ಟು ದಿನ ಅವಳು ತನಗೆ ತಾನೇ ಹಾಗೆಂದು ಹೇಳಿಕೊಂಡಿದ್ದಳು.

ಅವಳು ಫೋನ್ ತೆಗೆದು ಅವನನ್ನು ಪಟ್ಟಿಯಿಂದ ತೆಗೆದಳು. ಆಮೇಲೆ ಟೀಚರಿಗೆ ಒಂದು ಮೆಸೇಜ್ ಹಾಕಿದಳು: ಇವತ್ತಿನಿಂದ ನಾನು ಮಾಡರೇಟರ್ ಅಲ್ಲ.

"ಅಷ್ಟೊಂದು ನಾನು ಕೇಳಲಿಲ್ಲ," ಎಂದ ಅವನು ಗಾಬರಿಯಿಂದ. "ನನ್ನ ಮೇಲೆ ಏನು ಕೋಪ ಇತ್ತು, ಅದನ್ನ ಹೇಳಿದ್ರೆ ಸಾಕಿತ್ತು."

"ಕೋಪ ಇರಲಿಲ್ಲ."

"ಮತ್ತೆ?"

"ನೀವು ಬರೆದಿದ್ದನ್ನ ಎಲ್ಲರಿಗಿಂತ ಮೊದಲು ಓದಬೇಕು ಅನ್ನಿಸ್ತಿತ್ತು. ಪಟ್ಟಿಯಿಂದ ತೆಗೆದ್ರೆ ಎಲ್ಲರ ಜೊತೆ ಓದ್ಬೇಕಲ್ಲ. ಅದಕ್ಕೇ ತೆಗೀಲಿಲ್ಲ." ಅವಳ ಮುಖ ಬಿಸಿಯಾಯಿತು. "ಇಷ್ಟ ಆಗಿದ್ದು ಬರಹಾನೋ ನೀವೋ, ಗೊತ್ತಿರಲಿಲ್ಲ. ನೋಡದೇ ಇದ್ದೋರನ್ನ ಹೇಗೆ ಇಷ್ಟಪಡೋದು? ಈಗ ನೋಡಿದ ಮೇಲೆ ಇನ್ನೂ ಕಷ್ಟ."

ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. ತಂಗಿಯ ಸೂಜಿ ಗುಂಡಿಯ ತೂತಿನಲ್ಲೇ ನಿಂತಿತ್ತು.

"ನಾನು ಜಗಳಕ್ಕೆ ಬಂದೋನು," ಎಂದ ಅವನು ಕೊನೆಗೆ. "ದಾರಿಯುದ್ದಕ್ಕೂ ಏನೇನು ಬೈಬೇಕು ಅಂತ ಜೋಡಿಸ್ಕೊಂಡು ಬಂದಿದ್ದೆ. ಈಗ ಕೋಪ ಮಾಡ್ಕೋಬೇಕಾ, ಖುಷಿಪಡಬೇಕಾ?"

"ಕೋಪ ಮಾಡ್ಕೊಳ್ಳಿ. ಆಯಮ್ಮನ ಆರ್ಡರ್ ಹೋಗಿದ್ದು ನನ್ನಿಂದ."

"ಮಾಡ್ಕೊಂಡಿದ್ದೀನಿ," ಎಂದ ಅವನು. "ಖುಷೀನೂ ಆಗ್ತಿದೆ. ಎರಡೂ ಒಟ್ಟಿಗೆ ಹೇಗೆ ಆಗುತ್ತೋ ಗೊತ್ತಾಗ್ತಿಲ್ಲ."

ಅವನೇ ಫೋನ್ ತೆಗೆದು ಫೋರಂನಲ್ಲಿ ಆ ಹೆಂಗಸಿನ ಪ್ರಶ್ನೆಯ ಕೆಳಗೆ ಬರೆಯತೊಡಗಿದ. ಅವಳು ಬಗ್ಗಿ ನೋಡಿದಳು: *ಕ್ಷಮಿಸಿ, ಉತ್ತರ ತಡವಾಗಿದ್ದು ನನ್ನಿಂದ.*

"ಇದು ಸುಳ್ಳು. ಅಳಿಸಿ."

"ನೀವು ಈಗ ಮಾಡರೇಟರ್ ಅಲ್ಲ."

"ಅಲ್ಲ. ಆದ್ರೂ ಅಳಿಸಿ."

ಅವನು ಅಳಿಸಿದ. ಅವಳು ತನ್ನ ಫೋನಿನಲ್ಲಿ ತಾನೇ ಬರೆದಳು: *ಇವರು ಹತ್ತೇ ನಿಮಿಷದಲ್ಲಿ ಉತ್ತರ ಬರೆದಿದ್ದರು. ತಡ ಮಾಡಿದ್ದು ನಾನು. ಇವರು ಬರೆದದ್ದನ್ನು ಎಲ್ಲರಿಗಿಂತ ಮೊದಲು ಓದುವ ಆಸೆಗೆ ಹಿಡಿದಿಟ್ಟುಕೊಂಡಿದ್ದೆ. ನಿಮ್ಮ ಮುಂದಿನ ಆರ್ಡರಿಗೆ ನನ್ನ ಮಿಷನ್ನು, ನನ್ನ ಎರಡು ಕೈ ನಿಮ್ಮವು.* ಬರೆದು, ಫೋನನ್ನು ಅವನ ಕೈಗೆ ಕೊಟ್ಟಳು.

"ಓದಿ. ಸರಿಯಿದ್ರೆ ನೀವೇ ಹಾಕಿ."

ಅವನು ಓದಿದ. ಇನ್ನೊಮ್ಮೆ ಓದಿದ. ಬೆರಳು ಬಟನ್ ಹತ್ತಿರ ಹೋಗಿ ವಾಪಸ್ ಬಂತು.

"ಇದನ್ನ ಸಾವಿರ ಜನ ಓದ್ತಾರೆ."

"ಓದಲಿ."

"ಅದಲ್ಲ," ಎಂದ ಅವನು, ತಲೆ ಎತ್ತದೆ. "ಇವತ್ತೊಂದು ದಿನ ನನ್ನ ಹತ್ರಾನೇ ಇಟ್ಕೊಳ್ಳಲಾ? ನಾಳೆ ಹಾಕ್ತೀನಿ."

ಈ ಸಲ ಅವಳಿಗೆ ನಗು ನುಂಗಲಾಗಲಿಲ್ಲ. "ಅದೇ ತಪ್ಪಿಗೆ ಈಗಷ್ಟೇ ನನ್ನ ಕೆಲಸ ಹೋಯ್ತು."

"ಐದು ನಿಮಿಷ?"

"ಆಯಮ್ಮನ್ನ ಕಾಯಿಸಿದ್ದು ಸಾಕು," ಎಂದಳು ಅವಳು, ಮೆಲ್ಲಗೆ. "ಒಂದು ನಿಮಿಷ. ಜಾಸ್ತಿ ಇಲ್ಲ."

ಅವನು ಆ ಒಂದು ನಿಮಿಷ ಪೂರ್ತಿ ಓದಿದ. ಆಮೇಲೆ ಬಟನ್ ಒತ್ತಿದ.