ಕುದಿದು ನಿಂತ ಫಿಯಟ್

ಸಬ್‌ಇನ್‌ಸ್ಪೆಕ್ಟರ್ ವೆಂಕಟಸುಬ್ಬಯ್ಯ ಬರುವಷ್ಟರಲ್ಲಿ ಊರವರು ಡಾಕ್ಟರ ಕಾರಿನ ಡ್ರೈವರ್ ಲಕ್ಕಣ್ಣನನ್ನು ರಸ್ತೆ ಬದಿಯ ಹುಣಸೆ ಮರಕ್ಕೆ ಕಟ್ಟಿ, ಕೈ ಮುರಿದಾಗಿತ್ತು. ನಮ್ಮ ಜನಕ್ಕೆ ಹೊಡೆಯಲು ಒಬ್ಬ ಸಿಕ್ಕರೆ ಸಾಕು, ಕಾರಣ ಆಮೇಲೆ ಹುಡುಕುತ್ತಾರೆ.

1961ರ ಬೇಸಿಗೆ. ಅಂತರಘಟ್ಟೆಯಲ್ಲಿ ಹಾಲಮ್ಮನ ಹೆರಿಗೆ ಕಷ್ಟವಾಗಿತ್ತು. ಅಲುಗಾಡಿಸಬೇಡಿ ಎಂದಿದ್ದಳು ಸೂಲಗಿತ್ತಿ. ಗಂಡ ಈರಭದ್ರಪ್ಪ ತನ್ನ ಲಾರಿಯಲ್ಲಿ ತರೀಕೆರೆಗೆ ಹೋಗಿ, ಡಾಕ್ಟರಿಗೆ ಹೇಳಿ, ತಾನು ಮುಂಚೆ ಊರಿಗೆ ಓಡಿದ. ಹಿಂದೆ ಹೊರಟ ಡಾಕ್ಟರ ಫಿಯಟ್ ಅರ್ಧ ದಾರಿಯಲ್ಲಿ ಕುದಿದು ನಿಂತಿತು. ಡಾಕ್ಟರು ನಡೆದು ತಲುಪುವಷ್ಟರಲ್ಲಿ ತಾಯಿ, ಕೂಸು ಎರಡೂ ಹೋಗಿದ್ದವು.

"ನೀರು ಹಾಕ್ದೆ ಬೇಕಂತ್ಲೇ ಓಡಿಸವ್ನೆ ಸ್ವಾಮಿ!" ಈರಭದ್ರಪ್ಪ ಅರಚಿದ. "ನನ್ನ ಲಾರಿ ಓಡಿಸ್ತಿದ್ದೋನು. ಹೋದ ವರ್ಷ ಕೆಲಸ ಬಿಡಿಸ್ದೆ. ಆ ಸೇಡು ತೀರಿಸ್ಕಂಡ. ಜೈಲಿಗೆ ಹಾಕ್ಸಿ ಇವನ್ನ!"

* * *

ವೆಂಕಟಸುಬ್ಬಯ್ಯ ಲಕ್ಕಣ್ಣನ ಕಟ್ಟು ಬಿಚ್ಚಿಸಿ, ಕಾರಿನ ಬಾನೆಟ್ ಎತ್ತಿಸಿದರು. ರೇಡಿಯೇಟರಿನಲ್ಲಿ ನೀರು ಇನ್ನೂ ಇತ್ತು. ಕೆಳಗಿನ ನಲ್ಲಿ ತಿರುಗಿಸಿದರೆ ಒಂದು ಹನಿಯೂ ಇಳಿಯಲಿಲ್ಲ. ತಂತಿ ತೂರಿಸಿ ಕೆದಕಿದರು. ಹಳದಿ ಗಸಿ ಬಂತು. ಮೂಸಿದರು. ಅರಿಶಿನ!

"ಏನೋ ಇದು?"

"ಲಾರಿಗೆ ಹಾಕೋದು ಸಾರ್," ಎಂದ ಲಕ್ಕಣ್ಣ. "ರೇಡಿಯೇಟರ್ ಸೋರಿದ್ರೆ ಒಂದು ಹಿಡಿ ಹಾಕಿದ್ರೆ ತೂತು ಕಟ್ಕಳ್ತದೆ."

"ಅಂದ್ರೆ ನೀನೇ ಹಾಕ್ದೆ."

"ನಂಗೇನ್ ತಲೆ ಕೆಟ್ಟಿತ್ತಾ ಸಾರ್? ಲಾರೀದು ಕೊಳವೆ ದಪ್ಪ, ಬಾವಿ ನೀರಾದ್ರೂ ತಡೀತದೆ. ಫಿಯಟ್ಟಿಂದು ಸಣ್ಣ. ಗಡಸು ನೀರು ಹಾಕಿದ್ರೆ ಸುಣ್ಣ ಕಟ್ತದೆ ಅಂತ ಕೆರೆ ನೀರು ಬಟ್ಟೇಲಿ ಸೋಸಿ ಹಾಕ್ತೀನಿ."

"ಹೊರಡೋಕೆ ಮುಂಚೆ ಕಾರಿನ ಹತ್ರ ಯಾರಿದ್ರು?"

ಲಕ್ಕಣ್ಣ ಬಾಯಿ ತೆರೆದ. ಮತ್ತೆ ಮುಚ್ಚಿದ. "ಡಾಕ್ಟರ ಪೆಟ್ಟಿಗೆ ತರೋಕೆ ಒಳಗೆ ಹೋಗಿದ್ದೆ ಸಾರ್. ನೋಡ್ಲಿಲ್ಲ."

* * *

ಈರಭದ್ರಪ್ಪನ ಲಾರಿ ಅವನ ಮನೆ ಮುಂದೆ ನಿಂತಿತ್ತು. ವೆಂಕಟಸುಬ್ಬಯ್ಯ ಸೀಟಿನ ಕೆಳಗೆ ಕೈಯಾಡಿಸಿದರು. ಅರಿಶಿನದ ಡಬ್ಬಿ ಸಿಕ್ಕಿತು, ಬರಿದು.

"ಡಾಕ್ಟರ ಮನೆ ಮುಂದೆ ಫಿಯಟ್ ಸೋರ್ತಿತ್ತೇನಪ್ಪಾ?"

"ಹೂಂ ಸ್ವಾಮಿ, ತೊಟ್ಟಿಕ್ತಿತ್ತು! ಆ ಮುಂಡೇಗಂಡ ನೋಡೇ ಇಲ್ಲ. ದಾರೀಲಿ ನಿಂತ್ಬಿಟ್ರೆ ನನ್ನ ಹೆಂಡ್ತಿ ಗತಿ ಏನು? ಡಬ್ಬೀಲಿದ್ದಷ್ಟೂ ನಾನೇ ಸುರಿದೆ."

ವೆಂಕಟಸುಬ್ಬಯ್ಯ ಡಬ್ಬಿಯನ್ನು ಸೀಟಿನ ಮೇಲಿಟ್ಟರು. ಹೇಳಲೇಬೇಕಿತ್ತು.

"ಅದು ಸೋರಿದ್ದಲ್ಲ. ಕಂಠಮಟ್ಟ ತುಂಬಿದ್ರೆ ಹೆಚ್ಚಾದ ನೀರು ಪಕ್ಕದ ಪೈಪಿನಿಂದ ಚೆಲ್ಲುತ್ತೆ, ಅಷ್ಟೆ. ನಿನ್ನ ಅರಿಶಿನ ಆ ಸಣ್ಣ ಕೊಳವೆಗಳನ್ನೆಲ್ಲ ಮುಚ್ಚಿಬಿಡ್ತು. ನೀರು ಓಡಾಡ್ಲಿಲ್ಲ, ಎಂಜಿನ್ ಕಾದು ನಿಂತಿತು. ಲಕ್ಕಣ್ಣಂದು ಏನೂ ತಪ್ಪಿಲ್ಲ."

ಈರಭದ್ರಪ್ಪ ಕುಸಿದು ಅವರ ಕಾಲು ಹಿಡಿದ.

"ಅವನೇ ಮಾಡ್ದ ಅಂತ ಬರ್ಕಳಿ ಸ್ವಾಮಿ. ನಿಮ್ಮ ದಮ್ಮಯ್ಯ. ಇಲ್ದಿದ್ರೆ ನಾನು ಹೆಂಗೆ ಬದುಕ್ಲಿ?"

ಜೀಪಿನಲ್ಲಿ ಕೂತಿದ್ದ ಲಕ್ಕಣ್ಣನಿಗೆ ಅದು ಕೇಳಿಸಿತು.

"ಹಳದಿ ಕಂಡಾಗ್ಲೇ ನಂಗೆ ಗೊತ್ತಾಯ್ತು ಸಾರ್. ನಂಗೆ ಅರಿಶಿನ ಹಾಕೋದು ಕಲಿಸಿದ್ದೇ ಇವರು. ಹೆಂಡ್ತಿ ಸತ್ತೋರಿಗೆ ಇದನ್ನೂ ಹೊರಿಸೋದು ಬ್ಯಾಡ ಅಂತ ಬಾಯಿ ಮುಚ್ಕಂಡಿದ್ದೆ," ಎಂದ. "ಈಗ ನಿಜಾನೇ ಬರೀರಿ."