ಮೂರು ಸಲ ಕುಟ್ಟಿದ್ದು

ಹದಿನೆಂಟು ವರ್ಷ ಲ್ಯಾಪ್‌ಟಾಪ್ ಬಿಚ್ಚಿದ ಕೈ ಇದು. ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ಆ ಬೆಳಿಗ್ಗೆ ಟೀಚರಮ್ಮ, "ಒಳಗೇನೋ ಟಕ್ ಟಕ್ ಅನ್ನುತ್ತಪ್ಪ, ತಲೆ ಕೆಟ್ಟುಹೋಗಿದೆ" ಎಂದು ತಮ್ಮ ಲ್ಯಾಪ್‌ಟಾಪನ್ನು ಅಂಗಡಿಯಲ್ಲಿಟ್ಟು ಮನೆಗೆ ಹೋದರು.

ಸ್ಕ್ರೂಡ್ರೈವರಿನ ತುದಿಯನ್ನು ಅದರ ತಳಕ್ಕೆ, ಹಿಡಿಯನ್ನು ನನ್ನ ಕಿವಿಗೆ ಒತ್ತಿದೆ. ಯಂತ್ರದ ಹೊಟ್ಟೆನೋವನ್ನು ನಾವು ಹಿಡಿಯುವುದೇ ಹಾಗೆ. ಎರಡು ಟಕ್, ಆಮೇಲೆ ಬಿಡುವು. ಫ್ಯಾನ್ ಬಿಚ್ಚಿದೆ. ಹಾರ್ಡ್ ಡಿಸ್ಕ್ ತೆಗೆದೆ, ಬ್ಯಾಟರಿಯನ್ನೂ ತೆಗೆದೆ. ಖಾಲಿ ಡಬ್ಬಿ ಮಂಜುಗಡ್ಡೆಯಂತೆ ತಣ್ಣಗಾಗಿತ್ತು, ಸದ್ದು ಮಾತ್ರ ನಿಲ್ಲಲಿಲ್ಲ. ರೇಗಿಹೋಗಿ ಉಗುರಿನಿಂದ ಅದರ ಮೇಲೆ ಮೂರು ಸಲ ಕುಟ್ಟಿದೆ.

ತಟ್ಟನೆ ಎಲ್ಲವೂ ನಿಶ್ಶಬ್ದವಾಯಿತು.

ಅಷ್ಟರಲ್ಲಿ ಟೀಚರಮ್ಮನ ಫೋನ್ ಬಂತು. "ಸರಿಯಾಯ್ತಾಪ್ಪ?"

"ಆಯ್ತಮ್ಮ, ಈಗಷ್ಟೇ ನಿಂತಿತು."

"ಹಾಗಾದ್ರೆ ಈಗ ನಮ್ಮನೇಲಿ ಆ ಲ್ಯಾಪ್‌ಟಾಪ್ ಇಡೋ ಮೇಜಿನೊಳಗಿಂದ ಮೂರು ಸಲ ಕುಟ್ಟಿದ್ದು ಯಾರು?"