ಗಾಳಿ ಸೀಟಿನ ಅಪಹರಣ

ಬೆಳಿಗ್ಗೆ ಲಾರಿಯ ಬಾಗಿಲು ತೆಗೆದು ಹತ್ತಿ ಕೂತ ಡ್ರೈವರ್ ಬಿಲ್ಲು, ಕೂತಷ್ಟೇ ವೇಗದಲ್ಲಿ ಎದ್ದ. ಎದ್ದವನ ತಲೆ ಚಾವಣಿಗೆ ಬಡಿಯಿತು.

"ಅಯ್ಯಯ್ಯೋ! ನನ್ನ ಸೀಟು!"

ಸೀಟು ಇತ್ತು. ಆದರೆ ಅವನದಲ್ಲ. ನಿನ್ನೆ ಸಂಜೆ ಕೂರಿಸಿದ್ದ ಹೊಚ್ಚ ಹೊಸ ಗಾಳಿ ಸೀಟು ಮಾಯವಾಗಿತ್ತು. ಅದರ ಜಾಗದಲ್ಲಿ ಹಳೇ ಸೀಟು, ಹರಿದ ಹೊಟ್ಟೆಯಿಂದ ಸ್ಪ್ರಿಂಗೊಂದನ್ನು ಚಾಚಿಕೊಂಡು, 'ಬಂದ್ಯಾ ರಾಜಾ?' ಎಂಬಂತೆ ಕಾದಿತ್ತು.

ಆ ಸ್ಪ್ರಿಂಗಿನ ಮೇಲೆ ವರ್ಷಗಟ್ಟಲೆ ಕೂತು ಕೂತೇ ಅವನ ಬೆನ್ನು ಬಾಗಿದ್ದು, ಬಿಲ್ಲು ಎಂಬ ಹೆಸರು ಅಂಟಿದ್ದು. ಡಾಕ್ಟರು ಕಣ್ಣು ಕೆಂಪಗೆ ಮಾಡಿದ ಮೇಲೆ ಯಜಮಾನರು ಇಡೀ ಕಂಪನಿಗೆ ಒಂದೇ ಒಂದು ಗಾಳಿ ಸೀಟು ತರಿಸಿಕೊಟ್ಟಿದ್ದರು. ಲಾರಿಯ ಗಾಳಿ ಪೈಪಿಗೆ ಜೋಡಿಸಿದರೆ ಸಾಕು, ಒಳಗಿನ ಚೀಲ ಉಬ್ಬುತ್ತದೆ. ರಸ್ತೆಯ ಎಲ್ಲ ತಪ್ಪುಗಳನ್ನೂ ಹೊಟ್ಟೆಗೆ ಹಾಕಿಕೊಳ್ಳುವ ಸೀಟು.

ಸುದ್ದಿ ಕಂಪನಿಯ ರಿಪೇರಿ ಶೆಡ್ಡಿನ ಫೋರ್ಮನ್‌ಗೆ ಮುಟ್ಟಿತು. ಡ್ರೈವರುಗಳು ಅವರಿಗಿಟ್ಟ ಹೆಸರು ಅಡ್ಜಸ್ಟ್ ಸಾಹೇಬರು. ಬ್ರೇಕ್ ಹಿಡೀತಿಲ್ಲ ಎಂದರೆ, "ಸ್ವಲ್ಪ ಮೊದಲೇ ಒತ್ತಿ, ಅಡ್ಜಸ್ಟ್ ಮಾಡ್ಕೊಳ್ಳಿ." ವೈಪರ್ ಓಡ್ತಿಲ್ಲ ಎಂದರೆ, "ಕತ್ತು ಹೊರಗೆ ಹಾಕಿ, ಅಡ್ಜಸ್ಟ್ ಮಾಡ್ಕೊಳ್ಳಿ." ಇಂದು ಮಾತ್ರ ಅವರು ಅಡ್ಜಸ್ಟ್ ಆಗಲಿಲ್ಲ. ಗಾಜಿನ ಕೋಣೆಯಿಂದ ಏಳದೆ ಅಲ್ಲಿಂದಲೇ ಗುಡುಗಿದರು.

"ರಾತ್ರೋರಾತ್ರಿ ಈ ಬಿಲ್ಲುನೇ ಬಿಚ್ಚಿ ಮಾರ್ಕೊಂಡಿದ್ದಾನೆ! ಮಧ್ಯಾಹ್ನ ಯಜಮಾನ್ರು ಬರ್ತಾರೆ. ಅಷ್ಟರಲ್ಲಿ ಸೀಟು ಬರ್ಬೇಕು. ಇಲ್ಲ, ಬೀಗದ ಕೈ ಇಟ್ಟು ಮನೆಗೆ ಹೋಗ್ತಿರ್ಬೇಕು!"

* * *

ಶೆಡ್ಡಿನ ಎದುರಿಗೆ ದೂರು ಕಿಟಕಿ. ಅದರ ಹಿಂದೆ ಒಂದು ಮೈಕು. ಮೈಕಿನ ಹಿಂದೆ ಮೈಕಮ್ಮ, ಬಿಲ್ಲುವಿನ ಅಕ್ಕನ ಮಗಳು. ಕಾಲೇಜು ಮುಗಿಸಿ ಬಂದವಳು.

ಡ್ರೈವರುಗಳಿಗೆ ಲಾರಿಯ ಕಾಯಿಲೆ ವಿವರಿಸಲು ಬರುವುದಿಲ್ಲ. ಅದರ ಶಬ್ದ ಬರುತ್ತದೆ. ಒಬ್ಬ ಬಂದು "ಕಿರ್ರ್ ಕಟ ಕಟ" ಎನ್ನುತ್ತಾನೆ. ಇನ್ನೊಬ್ಬ ಕಣ್ಣು ಮುಚ್ಚಿ "ಗೊಳ್ ಗೊಳ್ ಪುಸ್ಕ್" ಎನ್ನುತ್ತಾನೆ. ಮೈಕಮ್ಮ ಅದನ್ನು ಮೈಕಿನಲ್ಲಿ ಹಾಗೇ ಹಾಡಬೇಕು, ಮೆಕ್ಯಾನಿಕ್ಕುಗಳು ಕೇಳಿ ಸ್ಪ್ಯಾನರ್ ಹುಡುಕಬೇಕು. ಎಂಜಿನ್ನುಗಳೆಲ್ಲ ಬಾಯಿಗೆ ಬಂದ ಮೇಲೆ ಬೇಜಾರಾಗಿ ಅವಳು ಮನುಷ್ಯರನ್ನೂ ಕಲಿತಿದ್ದಳು. ಅಡ್ಜಸ್ಟ್ ಸಾಹೇಬರ ಮೂಗಿನ ದನಿ ಅವಳಿಗೆ ನೀರು ಕುಡಿದಷ್ಟು ಸುಲಭ.

"ಈ ಬೆನ್ನಿಟ್ಕೊಂಡು ಹೋದ್ರೆ ಇನ್ಯಾರು ನನಗೆ ಸ್ಟೇರಿಂಗ್ ಕೊಡ್ತಾರೆ ಪುಟ್ಟಿ? ಕಳ್ಳ ಅನ್ನೋ ಹೆಸರು ಬೇರೆ. ನಿಮ್ಮತ್ತೆಗೆ ಏನು ಹೇಳ್ಲಿ?" ಎಂದು ಬಿಲ್ಲು ಕಿಟಕಿಯ ಬಳಿ ಕುಕ್ಕರಿಸಿದ.

"ಸಂಜೆಗೆ ಅಡುಗೆ ಮಾಡಿಡು ಅಂತ ಹೇಳು. ಏಳು ಮಾವ, ಲಾರಿ ತೋರ್ಸು."

ಅವಳು ಸೀಟಿನ ಕೆಳಗೆ ತಲೆ ಹಾಕಿದಳು.

"ಗಾಳಿ ಪೈಪಿನ ಬಾಯಿಗೆ ಯಾರೋ ಬಿರಡೆ ಹಾಕಿದ್ದಾರಲ್ಲ?"

"ಹಾಕ್ದೆ ಇದ್ರೆ ಗಾಳಿ ಎಲ್ಲ ಸೋರಿ, ಬ್ರೇಕ್ ಕಚ್ಕೊಂಡು ಲಾರಿ ಕದಲೋದೇ ಇಲ್ಲ."

"ಅಂದ್ರೆ ಕೆಲಸ ಬಲ್ಲ ಕಳ್ಳ."

"ಹಾಗಾದ್ರೆ ನಮ್ಮ ಶೆಡ್ಡಿನವರಲ್ಲ ಬಿಡು," ಎಂದ ಬಿಲ್ಲು.

"ಸೀಟಿನ ಪ್ಲಾಸ್ಟಿಕ್ ಕವರ್ ತೆಗೆದಿದ್ಯಾ?"

"ಛೇ ಛೇ! ಹೊಸದು ಕಣೇ! ಕವರ್ ಮೇಲೇ ಕೂತೆ. ಜಾರಿ ಜಾರಿ ಬಿದ್ದೆ, ಆದ್ರೂ ತೆಗೀಲಿಲ್ಲ."

* * *

ಮೊದಲ ಅನುಮಾನ ಟನ್ನಣ್ಣನ ಮೇಲೆ. ಹೆಸರಿಗೆ ತಕ್ಕ ತೂಕದ ಡ್ರೈವರ್. "ಆ ಸೀಟು ನ್ಯಾಯವಾಗಿ ನನ್ನ ಸೊಂಟಕ್ಕೆ ಸೇರ್ಬೇಕಿತ್ತು," ಎಂದು ನಿನ್ನೆಯೇ ಎಲ್ಲರೆದುರು ಗೊಣಗಿದ್ದ. ಇಂದು ನೋಡಿದರೆ ಲಾರಿಯೊಳಗೆ ಎಂದಿಗಿಂತ ಒಂದು ಗೇಣು ಎತ್ತರ ಕೂತಿದ್ದಾನೆ! ಕೆಳಗೆ ಕಂಬಳಿ ಹೊದಿಸಿದ ಏನೋ ಇದೆ.

"ಟನ್ನಣ್ಣ, ಒಂಚೂರು ಇಳೀತೀರಾ?"

"ಇಳಿಯಲ್ಲ."

"ಯಾಕಣ್ಣ?"

"ಮನಸ್ಸಿಲ್ಲ."

ಮೈಕಮ್ಮ ಕಿಟಕಿಗೆ ಮರಳಿದಳು. ಮರುಕ್ಷಣ ಧ್ವನಿವರ್ಧಕದಲ್ಲಿ ಫೋರ್ಮನ್ ದನಿ ಮೂಗಿನಲ್ಲೇ ಮೊಳಗಿತು. "ಏಯ್ ಟನ್ನು! ಇಳಿಯಯ್ಯಾ ಕೆಳಗೆ! ಲಾರಿ ಏನು ನಿಮ್ಮ ಮಾವನ ಮನೆ ಮಂಚಾನಾ?"

ಟನ್ನಣ್ಣ ಧುಮುಕಿದ. ಲಾರಿ ನಿಟ್ಟುಸಿರು ಬಿಟ್ಟು ಮೇಲೆದ್ದಿತು. ಬಿಲ್ಲು ಓಡಿ ಹೋಗಿ ಕಂಬಳಿ ಎಳೆದ.

ಎರಡು ದಿಂಬು. ಅವುಗಳ ಮೇಲೆ ಮಕ್ಕಳು ಈಜಲು ಸೊಂಟಕ್ಕೆ ಹಾಕಿಕೊಳ್ಳುವ ಗಾಳಿ ಬಳೆ. ಹಳದಿ ಬಣ್ಣ. ಮುಂದೆ ಬಾತುಕೋಳಿ ಮುಖ.

"ಮಗಳದ್ದು," ಎಂದ ಟನ್ನಣ್ಣ, ಓಡಿ ಬಂದ ಮೈಕಮ್ಮನ ಮುಖ ನೋಡಲಾಗದೆ. "ಕಂಪನಿ ಕೊಡಲ್ಲ, ಇನ್ನೇನ್ ಮಾಡ್ಲಿ? ಯಾರಿಗೂ ಹೇಳ್ಬೇಡ ತಾಯಿ."

"ಹೇಳಲ್ಲಣ್ಣ. ಆದ್ರೆ ಪಾಪ, ಬಾತುಕೋಳಿ ಕಣ್ಣು ಹೊರಗೆ ಬಂದಿದೆ."

ಎರಡನೇ ಅನುಮಾನ ವಾಚ್‌ಮನ್ ತಾತನ ಮೇಲೆ. ಗೇಟಿನ ಬಳಿಯ ಅವನ ಸ್ಟೂಲಿನ ಮೇಲೆ ಫಳಫಳ ಹೊಳೆಯುವ ಪ್ಲಾಸ್ಟಿಕ್!

"ನನ್ನ ಸೀಟಿನ ಕವರ್!" ಎಂದು ಬಿಲ್ಲು ಹಾರಿದ.

"ಬೆಳಿಗ್ಗೆ ಕಸದ ಡಬ್ಬೀಲಿ ಸಿಕ್ತಪ್ಪ," ಎಂದ ತಾತ. "ರಾತ್ರಿಯಿಂದ ಈ ಗೇಟಲ್ಲಿ ಒಂದು ನಟ್ಟೂ ಹೊರಗೆ ಹೋಗಿಲ್ಲ. ಬೇಕಾದ್ರೆ ನನ್ನ ಜೇಬು ತಡಕು. ಒಂದು ಜೇಬು ತೂತು, ಇನ್ನೊಂದರಲ್ಲಿ ನಶ್ಯ."

ಮೈಕಮ್ಮನ ಕಣ್ಣು ಕಿರಿದಾದವು. "ಮಾವ, ಮಾರೋ ಕಳ್ಳ ಕವರ್ ಬಿಸಾಕ್ತಾನಾ? ಕವರ್ ಇದ್ರೇ ಅಲ್ವಾ ಹೊಸ ಸೀಟು?"

"ಮತ್ತೆ ಯಾರು ಬಿಸಾಕ್ತಾರೆ?"

"ಕೂರೋ ಕಳ್ಳ. ಈಗ, ಇದೇ ಕಾಂಪೌಂಡಿನೊಳಗೆ, ಯಾರೋ ಅದರ ಮೇಲೆ ಹಾಯಾಗಿ ಕೂತಿದ್ದಾರೆ!"

* * *

ಲಾರಿಗಳನ್ನೆಲ್ಲ ನೋಡಿದ್ದಾಯಿತು. ಎಲ್ಲೂ ಇಲ್ಲ. ಮೈಕಮ್ಮ ಚಹಾದ ಲೋಟ ಹಿಡಿದು ಸಪ್ಪೆ ಮುಖದಲ್ಲಿ ಕಿಟಕಿಯ ಹಿಂದೆ ಕೂತಳು. ಎದುರಿಗೆ ಫೋರ್ಮನ್ನರ ಗಾಜಿನ ಕೋಣೆ. ಗಾಜಿನ ಕೆಳಗಿನ ಅರ್ಧಕ್ಕೆ ಹಳೇ ಪೇಪರು ಅಂಟಿಸಿದೆ. ಪೇಪರಿನ ಮೇಲಂಚಿನಲ್ಲಿ ದಿನಾ ಅವರ ಬೋಳುತಲೆ ಕಿವಿಯವರೆಗೆ ಕಾಣುತ್ತದೆ.

ಇಂದು ಗದ್ದದವರೆಗೂ ಕಾಣುತ್ತಿತ್ತು.

ಶೆಡ್ಡಿನಲ್ಲಿ ಟೈರ್ ಮೇಸ್ತ್ರಿ ಚಕ್ರದ ನಟ್ಟು ಬಿಚ್ಚುವ ಗಾಳಿ ಗನ್ನು ಒತ್ತಿದ. ಡರ್ರ್ರ್ರ್! ಫೋರ್ಮನ್ನರ ಗದ್ದ ಕಾಣೆಯಾಯಿತು. ಬಾಯಿ ಹೋಯಿತು. ಮೂಗು ಹೋಯಿತು. ಮೇಸ್ತ್ರಿ ಗನ್ನು ನಿಲ್ಲಿಸಿದ. ಮೂಗು ಬಂತು. ಬಾಯಿ ಬಂತು. ಗದ್ದವೂ ಬಂತು.

ಚಹಾ ಲೋಟದಲ್ಲೇ ಉಳಿಯಿತು.

"ಮಾವ, ಬೇಗ ಬಾ. ಸೂರ್ಯ ಮುಳುಗೋದು ನೋಡು."

"ಈಗಿನ್ನೂ ಹೊತ್ತು ನೆತ್ತಿಗೆ ಬಂದಿಲ್ಲ ಕಣೇ!"

"ನೆತ್ತೀನೇ ಮುಳುಗ್ತಿರೋದು."

* * *

ಯಜಮಾನರು ಬಂದರು. ಗಾಜಿನ ಕೋಣೆಯಲ್ಲಿ ವಿಚಾರಣೆ. ಬಾಗಿಲ ತುಂಬ ಡ್ರೈವರುಗಳು. ಬಿಲ್ಲು ಕೈಯಲ್ಲಿ ಬೀಗದ ಕೈ ಹಿಡಿದು ನಿಂತಿದ್ದ. ಫೋರ್ಮನ್ ಎದ್ದು ಕೈಮುಗಿದು ತಕ್ಷಣ ಮತ್ತೆ ಕೂತರು. ಕುರ್ಚಿಯ ಮೇಲೆ ನೆಲ ಮುಟ್ಟುವಂತೆ ಬೆಡ್‌ಶೀಟ್ ಹೊದಿಸಿತ್ತು.

"ಯಜಮಾನ್ರೇ, ಇವನನ್ನ ಬಿಟ್ರೆ ನಾಳೆ ಎಂಜಿನ್ನೇ ಮಾರ್ತಾನೆ. ನನ್ನ ಪ್ರಕಾರ..."

ಅಷ್ಟರಲ್ಲಿ ಧ್ವನಿವರ್ಧಕ ಅವರದೇ ದನಿಯಲ್ಲಿ ಕೂಗಿತು. "ಟೈರ್ ಮೇಸ್ತ್ರೀ! ಇರೋ ಗನ್ನೆಲ್ಲ ಒಟ್ಟಿಗೆ ಓಡ್ಸಿ! ಯಜಮಾನ್ರು ಬಂದಿದ್ದಾರೆ, ಕೆಲಸ ಕೇಳಿಸ್ಬೇಕು!"

"ಅದು ನಾನಲ್ಲ!" ಎಂದರು ಫೋರ್ಮನ್.

"ನಿಮ್ಮದೇ ಗಂಟಲು," ಎಂದರು ಯಜಮಾನರು. "ಮುಂದುವರಿಸಿ."

ಡರ್ರ್ರ್ರ್! ಶೆಡ್ಡಿಗೆ ಶೆಡ್ಡೇ ಅದುರಿತು.

"ನನ್ನ ಪ್ರಕಾರ, ಕಂಪನೀಲಿ ಶಿಸ್ತು ದಿನೇ ದಿನೇ ಕೆಳಗೆ ಇಳೀತಿದೆ..." ಫೋರ್ಮನ್ನರ ಎದೆ ಮೇಜಿನ ಮಟ್ಟಕ್ಕೆ ಬಂತು. "ಹೀಗೇ ಬಿಟ್ರೆ..." ಗದ್ದ ಮೇಜಿನ ಮೇಲೆ ಕೂತಿತು. "ನಾವೆಲ್ಲ ಎಲ್ಲಿಗೆ ಹೋಗಿ ಮುಟ್ತೀವೋ..."

"ನೀವಂತೂ ನೆಲ ಮುಟ್ತಿದ್ದೀರಿ," ಎಂದರು ಯಜಮಾನರು.

ಮೈಕಮ್ಮ ಒಳಗೆ ಬಂದು ಬೆಡ್‌ಶೀಟ್ ಎಳೆದಳು. ಗಾಳಿ ಸೀಟು ಸುಯ್ ಎಂದು ತಪ್ಪೊಪ್ಪಿಕೊಂಡಿತು.

"ಟೆಸ್ಟಿಂಗ್! ಟೆಸ್ಟಿಂಗ್ ಮಾಡ್ತಿದ್ದೆ!" ಎಂದಿತು ಮೇಜಿನ ಮೇಲಿನ ತಲೆ.

"ಮಾಡಿ ಸಾರ್, ಆದ್ರೆ ಮಾವನ್ನ ಯಾಕೆ ಕಳ್ಳ ಅಂದ್ರಿ?" ಮೈಕಮ್ಮ ಯಜಮಾನರತ್ತ ತಿರುಗಿದಳು. "ಪೈಪಿಗೆ ಬಿರಡೆ ಹಾಕಿದ್ದು ನೋಡಿ, ಕೆಲಸ ಬಲ್ಲವರು ಅಂತ ಗೊತ್ತಾಯ್ತು. ಕವರ್ ಬಿಸಾಕಿದ್ದು ನೋಡಿ, ಮಾರೋಕಲ್ಲ, ಕೂರೋಕೆ ಅಂತ ಗೊತ್ತಾಯ್ತು. ಈ ಸೀಟಿಗೆ ಗಾಳಿ ಬೇಕು. ಗಾಳಿ ಇರೋದು ಲಾರಿಗಳಲ್ಲಿ, ಇಲ್ಲಾ ಈ ಗೋಡೆ ಹಿಂದಿನ ಶೆಡ್ ಪೈಪಲ್ಲಿ. ಲಾರೀಲೆಲ್ಲೂ ಇರ್ಲಿಲ್ಲ."

"ಸರಿ, ಸೀಟು ಇಳಿದಿದ್ದು ಯಾಕೆ?" ಎಂದರು ಯಜಮಾನರು.

"ಪೈಪಿನ ಜೋಡಣೆಗೆ ಬರೀ ಟೇಪ್ ಸುತ್ತಿದ್ದಾರೆ. ಸೋರ್ತಿದೆ. ಗನ್ನುಗಳು ಗಾಳಿ ಎಳ್ಕೊಂಡಾಗ ತುಂಬೋದಕ್ಕಿಂತ ಸೋರೋದೇ ಜಾಸ್ತಿ. ರಿಪೇರಿ ನೆಟ್ಟಗೆ ಮಾಡಿದ್ರೆ ಸಿಕ್ಕಿಬೀಳ್ತಾನೇ ಇರ್ಲಿಲ್ಲ."

ಯಜಮಾನರು ಬಾಗಿಲ ಕಡೆ ನೋಡಿದರು. "ನಿಮ್ಮ ಲಾರಿಗಳಿಗೂ ಹೀಗೇ ಟೇಪಾ?"

"ಹೂಂ ಯಜಮಾನ್ರೇ!" ಎಂದಿತು ಬಾಗಿಲು, ಒಂದೇ ಕೊರಳಲ್ಲಿ.

"ನಂಗೂ ಸೊಂಟ ಇದೆ," ಎಂದರು ಫೋರ್ಮನ್, ಅಳುಮೋರೆಯಲ್ಲಿ. "ಇಡೀ ದಿನ ಮರದ ಕುರ್ಚಿ..."

"ಇದೆಯಾ? ಒಳ್ಳೇದು. ಬಿಲ್ಲು, ಗಾಳಿ ಸೀಟು ಹಾಕ್ಕೊಂಡು ಇವತ್ತೇ ಲೋಡು ತಗೊಂಡು ಹೊರಡು. ಹಳೇ ಸೀಟನ್ನ ನಿನ್ನ ಪಕ್ಕ ಕೂರಿಸು. ಸಾಹೇಬ್ರು ಜೊತೆಗೆ ಬರ್ತಾರೆ. ಟೆಸ್ಟಿಂಗ್‌ಗೆ."

* * *

ಮರುದಿನ ಸಂಜೆ ಲಾರಿ ಗೇಟಿನೊಳಗೆ ಬಂತು. ಒಂದು ಬಾಗಿಲಿನಿಂದ ಬಿಲ್ಲು ಬಾಣದಂತೆ ಇಳಿದ. ಇನ್ನೊಂದು ಬಾಗಿಲಿನಿಂದ ಫೋರ್ಮನ್, ಹೊಸ ಬಿಲ್ಲಿನಂತೆ. ಒಂದೊಂದೇ ಹೆಜ್ಜೆ ಇಟ್ಟು ದೂರು ಕಿಟಕಿಗೆ ಬಂದರು.

"ಹೇಳಿ ಸಾರ್, ಏನು ದೂರು?"

"ಕುಯ್ಯ್ಯೋ... ಕಟಕ್. ಹಳ್ಳ ಬಂದಾಗೆಲ್ಲ ಕಟಕ್."

"ಯಾವ ಲಾರಿ?"

"ಲಾರಿ ಅಲ್ಲಮ್ಮ. ನನ್ನ ಸೊಂಟ."

ಟನ್ನಣ್ಣ ಕಿವಿ ನಿಮಿರಿಸಿದ. ವಾಚ್‌ಮನ್ ತಾತ ಸ್ಟೂಲಿನಿಂದ ಎದ್ದ. ಮೈಕಮ್ಮ ಮೈಕು ಹತ್ತಿರ ಎಳೆದುಕೊಂಡು, ಮೂಗಿನಲ್ಲೇ, ಇಡೀ ಕಾಂಪೌಂಡಿಗೆ ಕೇಳುವಂತೆ ಉತ್ತರ ಕೊಟ್ಟಳು:

"ಅಷ್ಟು ಶಬ್ದ ಎಲ್ಲಾ ಮಾಮೂಲೀರೀ. ಅಡ್ಜಸ್ಟ್ ಮಾಡ್ಕೊಳ್ಳಿ!"

ಸಾಲಿನಲ್ಲಿ ನಿಂತಿದ್ದ ಲಾರಿಗಳೆಲ್ಲ ಒಟ್ಟಿಗೆ ಹಾರ್ನ್ ಬಾರಿಸಿದವು. ಎರಡನ್ನು ಬಿಟ್ಟು. ಆ ಎರಡೂ ನಿನ್ನೆ ತಾನೇ ಶೆಡ್ಡಿನಲ್ಲಿ ಹಾರ್ನ್ ರಿಪೇರಿ ಮಾಡಿಸಿಕೊಂಡು ಬಂದಿದ್ದವು.